ಮದುಮಕ್ಕಳು ಕಡಲು ನೋಡಲು ಹೊರಟಾಗ

ಒಂದು ಭಾನುವಾರ ಅಸರ್ ನಮಾಝ್ ಮುಗಿಸಿ ಮುಸಲ್ಲಾ ಮಡಿಸುತ್ತಿದ್ದೆ. ಯಾರೋ ಬಾಗಿಲು ತಟ್ಟಿದರು. ತೆರೆದು ನೋಡಿದರೆ ನನ್ನ ಹಳೆಯ ವಿದ್ಯಾರ್ಥಿನಿ. ಮದುವೆಯಾಗಿ ಹದಿನೆಂಟು ದಿನಗಳಷ್ಟೇ ಆಗಿದ್ದವು. ಅಂಗೈಯ ಮೆಹಂದಿ ಇನ್ನೂ ಪೂರ್ತಿಯಾಗಿ ಮಾಸಿರಲಿಲ್ಲ. ಹೊಸ ಮದುಮಗಳು ಕೆಂಗೇರಿಯಿಂದ ವಿಜಯನಗರದ ತನಕ ಒಬ್ಬಳೇ ಮೆಟ್ರೋ ಹತ್ತಿ ಬಂದಿದ್ದಾಳೆ ಎಂದರೆ ಏನೋ ನಡೆದಿದೆ ಎಂದುಕೊಂಡೆ. ತವರಿಗೆ ಹೋಗದೆ ಟೀಚರ ಮನೆಗೆ ಬಂದಿದ್ದಾಳೆಂದರೆ ತಾಯಿಗೆ ಹೇಳಲಾಗದ ವಿಷಯವೇ ಇರಬೇಕು.

ಚಹಾ ಕೊಟ್ಟು ಪಕ್ಕದಲ್ಲಿ ಕುಳಿತೆ. ಲೋಟ ಕೈಯಲ್ಲಿ ಹಿಡಿದುಕೊಂಡೇ ಅತ್ತಳು.

"ಆಪಾ, ಅಮ್ಮಿ ನಾಲ್ಕು ದಿನದಿಂದ ನನ್ನ ಜೊತೆ ಮಾತಾಡುತ್ತಿಲ್ಲ" ಎಂದಳು. ಅಮ್ಮಿ ಎಂದರೆ ಅವಳ ಅತ್ತೆ.

"ನೀನೇನು ಮಾಡಿದೆ?"

"ನಾನೇನೂ ಮಾಡಿಲ್ಲ ಆಪಾ. ಇವರು ಹನಿಮೂನ್‌ಗೆ ಬುಕ್ ಮಾಡಿದ್ದಾರೆ. ಮಾಲ್ದೀವ್ಸ್‌ಗೆ."

ನಗು ತಡೆದುಕೊಂಡೆ. ನಮ್ಮ ಕಾಲದಲ್ಲಿ ಹೊಸ ಸೊಸೆ ಅಳುತ್ತಾ ಬಂದರೆ ಫ್ರಿಜ್ಜಿನ ವಿಷಯವೋ ಚಿನ್ನದ ವಿಷಯವೋ ಇರುತ್ತಿತ್ತು. ಈಗ ಮಾಲ್ದೀವ್ಸ್ ಬಂದಿದೆ. ಆದರೆ ಅವಳು ಪೂರ್ತಿ ಹೇಳಿದ ಮೇಲೆ ನಗುವ ವಿಷಯವಲ್ಲ ಎಂದು ತಿಳಿಯಿತು.

ಹುಡುಗ ರಾಜಾಜಿನಗರದ ಒಂದು ಕಂಪೆನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾನೆ. ತಿಂಗಳಿಗೆ ಮೂವತ್ತೆರಡು ಸಾವಿರ ಸಂಬಳ. ಆಫೀಸಿನ ಗೆಳೆಯನೊಬ್ಬ ಮದುವೆಯಾಗಿ ಮಾಲ್ದೀವ್ಸ್‌ಗೆ ಹೋಗಿ, ನೀರಿನ ಮೇಲೆ ಕಟ್ಟಿದ ಮರದ ಮನೆಯ ಮುಂದೆ ನಿಂತು ಫೋಟೋ ಹಾಕಿದ್ದ. ನಮ್ಮ ಹುಡುಗನೂ ಪ್ಯಾಕೇಜ್ ಮಾತಾಡಿದ. ಇಬ್ಬರಿಗೆ ನಾಲ್ಕು ರಾತ್ರಿಗೆ ಒಂದು ಲಕ್ಷ ಎಪ್ಪತ್ತು ಸಾವಿರ. ಇಪ್ಪತ್ತು ಸಾವಿರ ಮುಂಗಡ ಕೊಟ್ಟಾಗಿತ್ತು. ಉಳಿದದ್ದನ್ನು ಹನ್ನೆರಡು ಕಂತುಗಳಲ್ಲಿ ಬಡ್ಡಿ ಸೇರಿಸಿ ಕಟ್ಟಬೇಕು. ಬಡ್ಡಿಯ ಮಾತು ಪಕ್ಕಕ್ಕಿಟ್ಟು, ಬರೀ ಅಸಲನ್ನು ಹನ್ನೆರಡರಿಂದ ಭಾಗಿಸಿದರೂ ತಿಂಗಳಿಗೆ ಹನ್ನೆರಡೂವರೆ ಸಾವಿರ. ಮನೆ ಬಾಡಿಗೆ ಬೇರೆ ಇದೆ. ನಾಲ್ಕು ರಾತ್ರಿಯ ಸಂತೋಷಕ್ಕೆ ಒಂದು ವರ್ಷದ ತಲೆನೋವು.

"ನಿನಗೆ ಹೋಗುವ ಆಸೆ ಇದೆಯಾ?" ಎಂದು ಕೇಳಿದೆ.

ಅವಳು ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು: "ಮಾಲ್ದೀವ್ಸ್ ಬೇಡ ಆಪಾ. ಆದರೆ ಎಲ್ಲಿಗಾದರೂ ಹೋಗಬೇಕು ಅನ್ನಿಸುತ್ತದೆ. ಹದಿನೆಂಟು ದಿನದಲ್ಲಿ ಅವರ ಜೊತೆ ಕುಳಿತು ಒಂದು ಗಂಟೆ ಮಾತಾಡಿಲ್ಲ. ಅವರಿಗೆ ಚಹಾಕ್ಕೆ ಸಕ್ಕರೆ ಎಷ್ಟು ಎಂದು ನನಗಿಂತ ನನ್ನ ನಾದಿನಿಗೆ ಚೆನ್ನಾಗಿ ಗೊತ್ತು."

ಓದುಗ ಸಹೋದರಿಯರೇ, ಈ ಮಾತು ಸುಳ್ಳಲ್ಲ. ನಮ್ಮಲ್ಲಿ ಹೊಸ ಜೋಡಿಯ ಮೊದಲ ತಿಂಗಳು ಹೇಗೆ ಕಳೆಯುತ್ತದೆ ಎಂದು ನಿಮಗೇ ಗೊತ್ತು. ವಲೀಮಾ ಮುಗಿಯುವುದಕ್ಕಿಲ್ಲ, ದಾವತ್‌ಗಳು ಶುರು. ಮಾಮುವಿನ ಮನೆ, ಫುಫ್ಪುವಿನ ಮನೆ, ಖಾಲಾನ ಮನೆ. ಜುಮಾಗಿ ಎಂದು ಶುಕ್ರವಾರಗಳೆಲ್ಲ ತವರಿನ ಊಟಕ್ಕೆ ಹೋಗುತ್ತವೆ. ಎಲ್ಲ ಕಡೆ ಗಂಡಸರು ಒಂದು ಕೋಣೆ, ಹೆಂಗಸರು ಇನ್ನೊಂದು ಕೋಣೆ. ಮದುಮಗಳು ಜರಿ ಸೀರೆಯಲ್ಲಿ ಬೆವರುತ್ತಾ ತಲೆ ತಗ್ಗಿಸಿ ಕುಳಿತಿರಬೇಕು. ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದರೆ ಎರಡು ಕೋಣೆಯ ಮನೆ. ಗೋಡೆಯಾಚೆ ಮಾವ ಕೆಮ್ಮಿದರೂ ಕೇಳಿಸುತ್ತದೆ. ಬೆಳಿಗ್ಗೆ ಫಜ್ರ್‌ಗೆ ಎದ್ದು ಸ್ನಾನಕ್ಕೆ ನೀರು ಕಾಯಿಸಲಿಕ್ಕೂ ನಾಚಿಕೆ. ಇದರ ನಡುವೆ ಮೊನ್ನೆಯವರೆಗೆ ಮುಖವೇ ನೋಡದ ಇಬ್ಬರು ಒಬ್ಬರನ್ನೊಬ್ಬರು ಅರಿತುಕೊಳ್ಳಬೇಕು.

"ಅಮ್ಮಿಗೆ ನಾನೇ ತಲೆ ಕೆಡಿಸಿದ್ದೇನೆ ಅನ್ನಿಸಿದೆ ಆಪಾ. ನೀವು ಒಮ್ಮೆ ಬಂದು ಮಾತಾಡಿ" ಎಂದಳು. ಅವಳ ಅತ್ತೆಯ ಪರಿಚಯ ನನಗೆ ಮದುವೆ ಮಾತುಕತೆಯ ಸಮಯದಿಂದಲೂ ಇತ್ತು. ಒಪ್ಪಿಕೊಂಡೆ.

ಆ ವಾರವಿಡೀ ಈ ಹನಿಮೂನ್ ಎಂಬ ಪದ ನನ್ನ ತಲೆಯಲ್ಲಿ ಸುತ್ತುತ್ತಿತ್ತು. ಇಂಗ್ಲಿಷಿನಲ್ಲಿ ಈ ಪದ 1546ರಷ್ಟು ಹಿಂದಿನ ಪುಸ್ತಕದಲ್ಲೇ ಸಿಗುತ್ತದೆ. ಆಗ ಅದಕ್ಕೆ ಪ್ರವಾಸ ಎಂಬ ಅರ್ಥವೇ ಇರಲಿಲ್ಲ. ಮದುವೆಯ ಮೊದಲ ತಿಂಗಳ ಜೇನಿನಂತಹ ಪ್ರೀತಿ, ಅಷ್ಟೇ. ಚಂದ್ರನ ಹಾಗೆ ಅದೂ ಕರಗುತ್ತದೆ ಎಂಬ ಕೊಂಕು ಕೂಡ ಅದರಲ್ಲಿತ್ತು. ಕನ್ನಡದ ಮಧುಚಂದ್ರ ಅದೇ ಪದದ ಅನುವಾದ. ಅರಬಿಯಲ್ಲಿ ಶಹ್ರುಲ್ ಅಸಲ್ ಎನ್ನುತ್ತಾರೆ, ಜೇನಿನ ತಿಂಗಳು. ಪ್ರವಾಸ ಹೋಗುವ ಪದ್ಧತಿ 19ನೇ ಶತಮಾನದಲ್ಲಿ ಬ್ರಿಟನ್ನಿನ ಸಿರಿವಂತರಲ್ಲಿ ಬೆಳೆಯಿತು. ಅದೂ ಮೊದಮೊದಲು ಈಗಿನಂತೆ ಇಬ್ಬರೇ ಹೋಗುವುದಾಗಿರಲಿಲ್ಲ. ಮದುವೆಗೆ ಬರಲಾಗದ ನೆಂಟರ ಮನೆಗಳಿಗೆ ಮದುಮಕ್ಕಳು ಸುತ್ತುತ್ತಿದ್ದರು, ಜೊತೆಯಲ್ಲಿ ಮನೆಯ ಕೆಲವರೂ ಇರುತ್ತಿದ್ದರು. ನಮ್ಮ ದಾವತ್‌ಗಳಿಗೂ ಅದಕ್ಕೂ ಹೆಚ್ಚೇನೂ ವ್ಯತ್ಯಾಸವಿಲ್ಲ ನೋಡಿ! ಕಡಲ ತೀರ, ತೆಂಗಿನ ಮರ, ಗಾಜಿನಂತಹ ನೀರು ಇವೆಲ್ಲ ವಿಮಾನ ಬಂದ ಮೇಲೆ ಸೇರಿಕೊಂಡವು. ಮಾಲ್ದೀವ್ಸ್‌ನಲ್ಲಿ ಮೊದಲ ರೆಸಾರ್ಟ್ ತೆರೆದದ್ದು 1972ರಲ್ಲಿ. ಅಂದರೆ ಈ 'ಪದ್ಧತಿ'ಗೆ ನಮ್ಮ ಹುಡುಗನ ತಂದೆಯಷ್ಟೂ ವಯಸ್ಸಾಗಿಲ್ಲ.

ಮುಂದಿನ ಶುಕ್ರವಾರ ಸಂಜೆ ಕೆಂಗೇರಿಗೆ ಹೋದೆ. 2021ರಲ್ಲಿ ಮೆಟ್ರೋ ಕೆಂಗೇರಿಯವರೆಗೆ ಹೋದ ಮೇಲೆ ನನಗೆ ಆ ಕಡೆ ಹೋಗುವುದು ಸುಲಭವಾಗಿದೆ. ಮೊದಲು ಮೈಸೂರು ರಸ್ತೆಯ ಟ್ರಾಫಿಕ್ ನೆನೆದರೇ ನೆಂಟಸ್ತಿಕೆ ಬೇಡ ಎನಿಸುತ್ತಿತ್ತು.

ಅತ್ತೆಯವರು ರಾಮನಗರದವರು. ರೇಷ್ಮೆ ನೂಲು ಬಿಚ್ಚುವ ಮನೆತನ. ಹದಿನಾಲ್ಕನೇ ವಯಸ್ಸಿನಿಂದ ಕುದಿಯುವ ನೀರಿನಲ್ಲಿ ಕೈಯಿಟ್ಟು ಗೂಡಿನ ಎಳೆ ಹುಡುಕಿದವರು. ಅವರ ಬೆರಳುಗಳ ತುದಿ ಈಗಲೂ ಬಿಳಿಚಿಕೊಂಡಂತೆ ಇವೆ. ನನ್ನನ್ನು ಕಂಡೊಡನೆ ಅವರಿಗೆ ಎಲ್ಲ ಅರ್ಥವಾಯಿತು.

"ಬನ್ನಿ ಟೀಚರಮ್ಮಾ. ಸೊಸೆ ದೂರು ಕೊಟ್ಟಳಾ?"

"ದೂರು ಅಲ್ಲ, ದುಃಖ ಹೇಳಿಕೊಂಡಳು."

"ನೀವು ಮದ್ರಸಾ ಓದಿದವರು, ನೀವೇ ಹೇಳಿ. ಇದು ನಮ್ಮ ದೀನ್‌ನಲ್ಲಿ ಉಂಟಾ? ಮದುವೆಯಾಗಿ ತಿಂಗಳಾಗಿಲ್ಲ, ಮನೆಯವರನ್ನೆಲ್ಲ ಬಿಟ್ಟು ಇಬ್ಬರೇ ಹೋಗುವುದು ಎಂದರೆ? ಇಂಗ್ಲಿಷರ ಚಾಳಿ ಇದು."

ಈ ಪ್ರಶ್ನೆಯನ್ನು ನಾನು ನಿರೀಕ್ಷಿಸಿದ್ದೆ. ಹನಿಮೂನ್ ಎಂಬುದು ದೀನ್‌ನ ಭಾಗವೆಂದು ಯಾರೂ ಹೇಳುತ್ತಿಲ್ಲ, ಅದೊಂದು ಪ್ರವಾಸ ಅಷ್ಟೇ ಎಂದೆ. ಹಝ್ರತ್ ಆಯಿಶಾ(ರ) ಅವರೇ ಹೇಳಿದ ಒಂದು ಪ್ರಸಂಗವನ್ನು ನೆನಪಿಸಿದೆ. ಪ್ರವಾದಿಯವರು(ಸ) ಒಂದು ಪ್ರಯಾಣದಲ್ಲಿ ಜೊತೆಯಲ್ಲಿದ್ದವರನ್ನೆಲ್ಲ ಮುಂದೆ ನಡೆಯಲು ಹೇಳಿ, ಹಿಂದುಳಿದು ಪತ್ನಿಯೊಂದಿಗೆ ಓಟದ ಪಂದ್ಯ ಕಟ್ಟಿದರು. ಆಯಿಶಾ(ರ) ಗೆದ್ದರು. ವರ್ಷಗಳ ನಂತರ ಇನ್ನೊಂದು ಪ್ರಯಾಣದಲ್ಲಿ ಮತ್ತೆ ಓಡಿದರು. ಅಷ್ಟರಲ್ಲಿ ಆಯಿಶಾರ(ರ) ಮೈ ತುಂಬಿಕೊಂಡಿತ್ತು. ಈ ಸಲ ಪ್ರವಾದಿಯವರು(ಸ) ಗೆದ್ದು, ಅಂದಿನದಕ್ಕೆ ಇಂದು ಸರಿಹೋಯಿತು ಎಂದು ನಕ್ಕರು. ಅಬೂದಾವೂದ್‌ನಲ್ಲಿ ಈ ಓಟದ ಉಲ್ಲೇಖವಿದೆ. ಮದ್ರಸಾದಲ್ಲಿ ಓದುವಾಗ ನನಗೆ ಈ ಹದೀಸ್‌ನಲ್ಲಿ ಓಟವೇ ಮುಖ್ಯವಾಗಿ ಕಂಡಿತ್ತು. ಮದುವೆಯಾದ ಮೇಲೆ, ಆ 'ಮುಂದೆ ನಡೆಯಿರಿ' ಎಂಬ ಮಾತೇ ದೊಡ್ಡದಾಗಿ ಕಾಣತೊಡಗಿತು. ಗಂಡ ಹೆಂಡಿರಿಗೆ ಸ್ವಲ್ಪ ಹೊತ್ತು ಯಾರೂ ಇಲ್ಲದ ಬಯಲು ಬೇಕು. ಅದಕ್ಕೆ ಉಳಿದವರು ಮುಂದೆ ನಡೆಯಬೇಕು.

ಅವರು ಏನೂ ಹೇಳಲಿಲ್ಲ. ಒಳಗೆ ಹೋಗಿ ಚಹಾ ತಂದರು. ನಂತರ ಸ್ವರ ತಗ್ಗಿಸಿ, "ಹೋಗಲಿ ಬಿಡಿ. ಹೋಗುವವರು ನಮಗೂ ಒಂದು ಮಾತು, ಅಮ್ಮಿ ನೀವೂ ಬನ್ನಿ ಎಂದು ಬಾಯಿಮಾತಿಗಾದರೂ ಹೇಳಬಹುದಿತ್ತು. ನನಗೆ ಅರವತ್ತೊಂದು ವರ್ಷ ಟೀಚರಮ್ಮಾ. ಸಮುದ್ರ ಅಂದರೆ ಟೀವಿಯಲ್ಲಿ ನೋಡಿದ್ದು ಬಿಟ್ಟರೆ ನಾನು ಕಂಡಿಲ್ಲ. ಅದರ ನೀರು ನಿಜವಾಗಲೂ ಉಪ್ಪಾ?" ಎಂದು ಕೇಳಿದರು.

ನಾನು ಚಹಾದ ಲೋಟ ಕೆಳಗಿಟ್ಟೆ. ಇಡೀ ವಾರ ನಾನು ದೀನ್‌ನ ವಾದಕ್ಕೆ ಉತ್ತರ ಸಿದ್ಧಪಡಿಸಿಕೊಂಡು ಹೋಗಿದ್ದೆ. ಈ ಪ್ರಶ್ನೆಗೆ ಸಿದ್ಧಳಾಗಿರಲಿಲ್ಲ.

ನಾನೂ ಮೊದಲ ಸಲ ಸಮುದ್ರ ಕಂಡದ್ದು ಮದುವೆಯಾದ ಮೇಲೆಯೇ, 2003ರಲ್ಲಿ. ಮಂಗಳೂರಿನಲ್ಲಿ ನೆಂಟರ ಮದುವೆಯಿತ್ತು. ಟೆಂಪೋ ಟ್ರಾವೆಲರ್‌ನಲ್ಲಿ ಹದಿಮೂರು ಮಂದಿ ಹೊರಟೆವು. ಶಿರಾಡಿ ಘಾಟಿಯಲ್ಲಿ ನಾಲ್ವರು ವಾಂತಿ ಮಾಡಿದರು, ಅವರಲ್ಲಿ ನಾನೂ ಒಬ್ಬಳು. ಮದುವೆ ಮುಗಿಸಿ ಸಂಜೆ ಉಳ್ಳಾಲದ ತೀರಕ್ಕೆ ಹೋದೆವು. ಅತ್ತೆಯವರ ಚಪ್ಪಲಿ ಕಾಯುವುದು, ನಾದಿನಿಯ ಮಗುವಿನ ಒದ್ದೆ ಬಟ್ಟೆ ಬದಲಿಸುವುದು, ಚುರುಮುರಿ ಹಂಚುವುದು, ಇದರಲ್ಲಿಯೇ ಸೂರ್ಯ ಮುಳುಗಿದ. ಹೊರಡುವ ಸಮಯದಲ್ಲಿ ನನ್ನ ಯಜಮಾನರು ಮೆಲ್ಲನೆ ಬಂದು ಪಕ್ಕದಲ್ಲಿ ನಿಂತರು. ಅಲೆ ಬಂದು ಕಾಲ ಕೆಳಗಿನ ಮರಳು ಜಾರಿತು. ಬೀಳದಂತೆ ಅವರ ತೋಳು ಹಿಡಿದೆ. "ಭಯಾನಾ?" ಎಂದರು. ಅಷ್ಟೇ. ಹತ್ತು ನಿಮಿಷವೂ ಇರಲಿಲ್ಲ. ಅಷ್ಟರಲ್ಲಿ ಟೆಂಪೋದವನು ಹಾರ್ನ್ ಹಾಕಿದ. ಇಪ್ಪತ್ತು ವರ್ಷಗಳ ಸಂಸಾರದಲ್ಲಿ ಎಷ್ಟೋ ಮರೆತಿದ್ದೇನೆ, ಆ ಹತ್ತು ನಿಮಿಷ ಮರೆತಿಲ್ಲ. ಆದ್ದರಿಂದಲೇ ಆ ಹುಡುಗಿಯ ಆಸೆ ನನಗೆ ಅರ್ಥವಾಯಿತು.

ಅಷ್ಟರಲ್ಲಿ ಹುಡುಗ ಕೆಲಸದಿಂದ ಬಂದ. ಒಳ್ಳೆಯ ಹುಡುಗ, ಸ್ವಲ್ಪ ಹಟಮಾರಿ. ಸಲಾಮ್ ಹೇಳಿ ಕುಳಿತ. "ಆಪಾ, ಮಾಲ್ದೀವ್ಸ್ ಪೂರ್ತಿ ಮುಸ್ಲಿಮ್ ದೇಶ. ಗೋವಾದ ಹಾಗಲ್ಲ. ಎಲ್ಲ ಹಲಾಲ್" ಎಂದು ನನ್ನನ್ನೇ ಒಲಿಸಲು ನೋಡಿದ.

ಅವನಿಗೆ ಗೊತ್ತಿರಲಿಲ್ಲ. ಮಾಲ್ದೀವ್ಸ್‌ನಲ್ಲಿ ಸುಮಾರು 1,200 ಹವಳದ ದ್ವೀಪಗಳಿವೆ. ಜನವಸತಿ ಇರುವ ದ್ವೀಪಗಳು ಇನ್ನೂರಕ್ಕೂ ಕಡಿಮೆ. ಊರಿನ ಜನರಿರುವ ದ್ವೀಪಗಳಲ್ಲಿ ಮಸೀದಿ ಇದೆ, ಶಾಲೆ ಇದೆ, ಮದ್ಯ ಮಾರುವಂತಿಲ್ಲ. ರೆಸಾರ್ಟ್ ದ್ವೀಪಗಳು ಬೇರೆಯೇ. ಒಂದು ದ್ವೀಪವೆಂದರೆ ಒಂದು ರೆಸಾರ್ಟ್. ಅಲ್ಲಿ ಪ್ರವಾಸಿಗರಿಗೆ ಮದ್ಯವೂ ಉಂಟು, ಉಡುಪಿಗೆ ತಡೆಯೂ ಇಲ್ಲ. ಅವನು ಬುಕ್ ಮಾಡಿದ್ದು ಅಂತಹ ಒಂದು ದ್ವೀಪ. ಊರಿನ ದ್ವೀಪಗಳಲ್ಲಿ ಚಿಕ್ಕ ಅತಿಥಿಗೃಹಗಳೂ ಈಗ ಬಂದಿವೆ, ದರವೂ ಕಡಿಮೆ. ಆದರೆ ಪ್ಯಾಕೇಜ್ ಮಾರುವವರು ಅದನ್ನೇಕೆ ಹೇಳುತ್ತಾರೆ?

"ಸರಿ, ಮಹ್ರ್ ಕೊಟ್ಟಿದ್ದೀಯಾ?" ಎಂದು ಕೇಳಿದೆ.

ಹುಡುಗ ತಾಯಿಯ ಮುಖ ನೋಡಿದ. ಮಹ್ರ್ ಎಪ್ಪತ್ತೈದು ಸಾವಿರ ಎಂದು ನಿಕಾಹ್‌ನಾಮಾದಲ್ಲಿ ಬರೆದಿದೆ. ಎಲ್ಲರಂತೆ 'ಉಧಾರ್'.

ಇಲ್ಲಿ ಒಂದು ಮಾತು. ಅರಬಿಯಲ್ಲಿ ಮಹ್ರ್‌ಗೆ ಸಂಬಂಧಿಸಿ ಎರಡು ಪದಗಳಿವೆ. ಎರಡನ್ನೂ ಕನ್ನಡದಲ್ಲಿ ಮುಅಜ್ಜಲ್ ಎಂದೇ ಬರೆಯಬೇಕು. ಒಂದರಲ್ಲಿ ಐನ್ ಅಕ್ಷರ, ಇನ್ನೊಂದರಲ್ಲಿ ಹಮ್ಝ. ಐನ್ ಇರುವುದರ ಅರ್ಥ ಕೂಡಲೇ ಕೊಡುವುದು, ಹಮ್ಝ ಇರುವುದರ ಅರ್ಥ ಮುಂದಕ್ಕೆ ಹಾಕಿದ್ದು. ನಮ್ಮ ಬೆಂಗಳೂರಿನ ಗಂಡಸರು ಹಮ್ಝವನ್ನು ಎಷ್ಟು ಪ್ರೀತಿಸುತ್ತಾರೆಂದರೆ, ಅನೇಕರ ಮಹ್ರ್ ಮಯ್ಯಿತ್‌ನ ಪಕ್ಕದಲ್ಲಿ ಕುಳಿತ ಹೆಂಡತಿ ಮಾಫ್ ಮಾಡುವವರೆಗೂ ಮುಂದಕ್ಕೇ ಹೋಗುತ್ತಿರುತ್ತದೆ. ಹಾಗಾಗಿ ಕೇಳಿದೆ: "ಹೆಂಡತಿಯ ಸಾಲ ತೀರಿಸಲು ಹಣವಿಲ್ಲ. ಹೆಂಡತಿಯನ್ನು ಸಂತೋಷಪಡಿಸಲು ಬ್ಯಾಂಕಿನಿಂದ ಸಾಲ. ಇದು ಯಾವ ಲೆಕ್ಕ ಮಗನೇ? ನೀನೇ ಲೆಕ್ಕಪತ್ರ ನೋಡುವವನು."

ಅವನು ಏನೋ ಹೇಳಹೊರಟು ಸುಮ್ಮನಾದ.

ಆಮೇಲೆ ಅವನಿಗೆ ಇಬ್ನ್ ಬತೂತಾನ ಕಥೆ ಹೇಳಿದೆ. ಬಿ.ಎ.ಯಲ್ಲಿ ಇತಿಹಾಸ ಓದಿದ್ದರಿಂದ ನನಗೆ ಎಲ್ಲಿ ಹೋದರೂ ಇಂತಹದ್ದೇನಾದರೂ ನೆನಪಾಗುತ್ತದೆ, ಮನೆಯಲ್ಲಿ ಮಕ್ಕಳು ಓಡಿಹೋಗುತ್ತಾರೆ. ಮೊರಾಕ್ಕೊದ ಆ ಪ್ರವಾಸಿ 14ನೇ ಶತಮಾನದ ಮಧ್ಯಭಾಗದಲ್ಲಿ ನಮ್ಮ ಕರಾವಳಿಯ ಹೊನ್ನಾವರಕ್ಕೂ ಬಂದಿದ್ದ, ಅನಂತರ ಮಾಲ್ದೀವ್ಸ್‌ಗೂ ಹೋಗಿದ್ದ. ಮಾಲ್ದೀವ್ಸ್‌ನಲ್ಲಿ ಖಾಝಿಯಾದ. ಅಲ್ಲಿ ಮಹ್ರ್ ಕಡಿಮೆ ಇರುವುದರಿಂದ ಮದುವೆ ಸುಲಭ ಎಂದು ಬರೆದಿದ್ದಾನೆ. ತಾನೂ ಹಲವು ಮದುವೆಯಾದ. ಹೊರಡುವಾಗ ತಲಾಖ್ ಕೊಟ್ಟು ಹೊರಟ. ಆ ಒಂದು ವಿಷಯದಲ್ಲಿ ಅವನನ್ನು ಯಾರೂ ಮಾದರಿಯಾಗಿ ತೆಗೆದುಕೊಳ್ಳಬೇಡಿ. ಹೊನ್ನಾವರದ ಬಗ್ಗೆ ಅವನು ಬರೆದದ್ದು ಮಾತ್ರ ನಮ್ಮ ಹೆಣ್ಣುಮಕ್ಕಳಿಗೆ ತಿಳಿದಿರಬೇಕು. ಆ ಊರಿನ ಹೆಂಗಸರಿಗೆ ಕುರ್‌ಆನ್ ಕಂಠಪಾಠವಿತ್ತು, ಹುಡುಗರಿಗೆ 23 ಶಾಲೆಗಳೂ ಹುಡುಗಿಯರಿಗಾಗಿಯೇ 13 ಶಾಲೆಗಳೂ ಇದ್ದವು ಎನ್ನುತ್ತಾನೆ. ಆರು ನೂರೈವತ್ತು ವರ್ಷಗಳಿಗೂ ಹಿಂದೆ, ನಮ್ಮ ಉತ್ತರ ಕನ್ನಡದಲ್ಲಿ!

"ಜಗತ್ತು ಸುತ್ತಿದವನಿಗೆ ಹೊನ್ನಾವರ ಸಾಲದಾಗಲಿಲ್ಲ. ನಿನಗೆ ಸಾಲದಾ?" ಎಂದೆ. ಹುಡುಗಿ ಬಾಗಿಲ ಮರೆಯಲ್ಲಿ ನಕ್ಕಳು. ಮಾತು ಸ್ವಲ್ಪ ಹಗುರಾಯಿತು.

ಮುಂಗಡದ ಇಪ್ಪತ್ತು ಸಾವಿರ ಹೋಯಿತು. ಏಜೆಂಟ್ ಮೊದಲು ಅರ್ಧ ಕೊಡುತ್ತೇನೆಂದ, ಆಮೇಲೆ ಫೋನ್ ಎತ್ತಲಿಲ್ಲ. ರದ್ದು ಮಾಡಿದರೆ ಎಷ್ಟು ಹಿಂತಿರುಗುತ್ತದೆ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯದೆ ಯಾರೂ ಮುಂಗಡ ಕೊಡಬೇಡಿ. ಹುಡುಗನಿಗೆ ಆ ನೋವು ಇನ್ನೂ ಇದೆ.

ಎರಡು ವಾರಗಳ ನಂತರ ಅವರಿಬ್ಬರೂ ಹೊನ್ನಾವರಕ್ಕೆ ಹೊರಟರು. ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಹೊರಟರೆ ಬೆಳಿಗ್ಗೆ ಕರಾವಳಿಯಲ್ಲಿರುತ್ತದೆ. ಉಡುಪಿ, ಕುಂದಾಪುರ, ಭಟ್ಕಳ, ಹೊನ್ನಾವರ, ಕುಮಟಾ ಎಲ್ಲ ಕಡೆ ನಿಲ್ಲುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ 55 ಕಿ.ಮೀ. ಘಾಟಿಯಲ್ಲಿ 57 ಸುರಂಗಗಳಿವೆ, ಆದರೆ ಆ ರೈಲು ದಾಟುವುದು ರಾತ್ರಿ, ಏನೂ ಕಾಣುವುದಿಲ್ಲ. ಹೊನ್ನಾವರದಲ್ಲಿ ಶರಾವತಿ ಕಡಲು ಸೇರುತ್ತದೆ. ಅಲ್ಲಿನ ರೈಲು ಸೇತುವೆ ಎರಡು ಕಿ.ಮೀ.ಗೂ ಉದ್ದ. ನದಿಯ ಈಚೆಗೆ ಕಾಸರಕೋಡು ತೀರವಿದೆ. ನಮ್ಮ ರಾಜ್ಯದಲ್ಲಿ ಮೊದಲಿಗೆ, 2020ರಲ್ಲಿ, ಸ್ವಚ್ಛತೆ ಮತ್ತು ಸುರಕ್ಷತೆಗಾಗಿ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿದ ಎರಡು ತೀರಗಳಲ್ಲಿ ಅದೂ ಒಂದು. ಇನ್ನೊಂದು ಉಡುಪಿ ಜಿಲ್ಲೆಯ ಪಡುಬಿದ್ರಿ. ಶರಾವತಿಯ ಹಿನ್ನೀರಿನಲ್ಲಿ ದೋಣಿಯಲ್ಲಿ ಹೋದರೆ ಕಾಂಡ್ಲಾ ಕಾಡಿನ ನಡುವೆ ಸುತ್ತಬಹುದು. ಭಟ್ಕಳ ಹತ್ತಿರದಲ್ಲೇ ಇರುವುದರಿಂದ ಊಟದ ಚಿಂತೆಯೂ ಇಲ್ಲ. ನವಾಯತರ ಬಿರಿಯಾನಿ ತಿಂದವರು ನಮ್ಮ ಶಿವಾಜಿನಗರದ ಬಿರಿಯಾನಿಯ ಬಗ್ಗೆ ಸ್ವಲ್ಪ ದಿನ ಮಾತಾಡುವುದಿಲ್ಲ.

ಹೊರಡುವ ಮುನ್ನ ನಾನು ಹುಡುಗಿಗೆ ಕೆಲವು ಮಾತು ಹೇಳಿದ್ದೆ. ಹೋಗುವ ಉಳಿದವರಿಗೂ ಉಪಯೋಗವಾದೀತು. ನಿಕಾಹ್‌ನಾಮಾದ ಒಂದು ಪ್ರತಿ ಚೀಲದಲ್ಲಿರಲಿ. ಹೊಸ ಸೊಸೆಯ ಆಧಾರ್‌ನಲ್ಲಿ ತಂದೆಯ ಹೆಸರು, ತವರಿನ ವಿಳಾಸ ಇರುತ್ತದೆ, ಲಾಡ್ಜಿನ ಹುಡುಗ ಹತ್ತು ಪ್ರಶ್ನೆ ಕೇಳುತ್ತಾನೆ. ಸಮುದ್ರದ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿ ಹೇಳಿದೆ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ತೀರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅದು ಮಳೆಗಾಲವೂ ಆಗಿರಲಿಲ್ಲ. ನಾನು ಟೀಚರ್, ಆ ಸುದ್ದಿ ಓದಿದ ದಿನ ತರಗತಿಯಲ್ಲಿ ಹಾಜರಿ ಕೂಗಲಾಗಲಿಲ್ಲ. ನಾವು ಬಯಲುಸೀಮೆಯವರು. ಕೆರೆ ಬಲ್ಲೆವು, ಕಡಲು ಅರಿಯೆವು. ದಡಕ್ಕೆ ಬಂದ ಅಲೆಯ ನೀರು ಒಂದೇ ಕಡೆ ಸೇರಿಕೊಂಡು ನದಿಯಂತೆ ಹಿಂದಕ್ಕೆ ಹರಿಯುತ್ತದೆ. ಅಲೆ ಏಳದೆ ಶಾಂತವಾಗಿ ಕಾಣುವ ಜಾಗವೇ ಅನೇಕ ಸಲ ಆ ಸೆಳೆತದ ಜಾಗ. ಸಿಕ್ಕಿಬಿದ್ದರೆ ದಡದ ಕಡೆಗೆ ಎದುರಾಗಿ ಈಜಬಾರದು, ದಡಕ್ಕೆ ಸಮನಾಗಿ ಪಕ್ಕಕ್ಕೆ ಸರಿಯಬೇಕು ಎನ್ನುತ್ತಾರೆ ಬಲ್ಲವರು. ಈಜು ಬಾರದವರು ಮೊಣಕಾಲಿನ ನೀರಿಗಿಂತ ಮುಂದೆ ಹೋಗದಿರುವುದೇ ಸರಿ. ಬುರ್ಖಾ ನೆನೆದರೆ ಎಷ್ಟು ಭಾರವಾಗುತ್ತದೆ ಎಂಬುದು ಬಟ್ಟೆ ಒಗೆಯುವ ನಮಗೆಲ್ಲ ಗೊತ್ತು. ಕೆಂಪು ಬಾವುಟ ಕಂಡರೆ, ಜೀವರಕ್ಷಕ ಸಿಳ್ಳೆ ಹೊಡೆದರೆ, ಗಂಡನೇ ಕರೆದರೂ ನೀರಿಗಿಳಿಯಬೇಡ ಎಂದೆ.

ಫೋಟೋ ಹಾಕುವ ಬಗ್ಗೆ ನಾನು ಹೇಳಬೇಕೆಂದಿದ್ದೆ. ಅವಳೇ ಹೇಳಿದಳು, "ಫೋಟೋ ತೆಗೆಯುತ್ತೇವೆ ಆಪಾ, ಹಾಕುವುದಿಲ್ಲ. ಹಾಕಿದರೆ ಮತ್ತೆ ಮನೆಯವರೆಲ್ಲ ನಮ್ಮ ಜೊತೆ ಬಂದ ಹಾಗೆಯೇ ಅಲ್ಲವಾ?" ಈ ಹುಡುಗಿಗೆ ಏಳನೇ ತರಗತಿಯಲ್ಲಿ ವ್ಯಾಕರಣ ಹತ್ತುತ್ತಿರಲಿಲ್ಲ ಎಂದು ಬೈದದ್ದು ನೆನಪಾಗಿ ನಾಚಿಕೆಯಾಯಿತು.

ಮೂರು ರಾತ್ರಿ ಇದ್ದು ಬಂದರು. ರೈಲು, ಕೋಣೆ, ಊಟ, ಆಟೋ, ದೋಣಿ ಎಲ್ಲ ಸೇರಿ ಹನ್ನೆರಡು ಸಾವಿರ ಚಿಲ್ಲರೆ. ಅಂದರೆ ಮಾಲ್ದೀವ್ಸ್‌ನ ಒಂದು ಕಂತಿಗಿಂತಲೂ ಕಡಿಮೆ.

ಬಂದ ಮೇಲೆ ಒಂದು ದಿನ ಅವಳು ಮನೆಗೆ ಬಂದಾಗ ಎಲ್ಲ ಹೇಳಿದಳು. ಮೊದಲ ದಿನವಿಡೀ ಇಬ್ಬರಿಗೂ ಏನು ಮಾತಾಡಬೇಕೆಂದೇ ತೋಚಲಿಲ್ಲವಂತೆ. ಮನೆಯಲ್ಲಿ ಮಾತಿಗೆ ಸಮಯವಿಲ್ಲ ಎಂದು ಅತ್ತವಳು, ಸಮಯ ಸಿಕ್ಕಾಗ ಮಾತಿಲ್ಲದೆ ಕುಳಿತಳು. ಎರಡನೆಯ ದಿನ ಜಗಳವಾಯಿತು. ಮೀನಿನ ಊಟದ ವಿಷಯದಲ್ಲಿ ಶುರುವಾಗಿ ಅವಳ ಓದಿನ ವಿಷಯಕ್ಕೆ ಬಂತು. ಅವಳಿಗೆ ಬಿ.ಎಡ್. ಮಾಡುವ ಆಸೆ. ಮದುವೆ ಮಾತುಕತೆಯಲ್ಲಿ ಹಿರಿಯರು 'ನೋಡೋಣ' ಎಂದಿದ್ದರು. ನಮ್ಮಲ್ಲಿ 'ನೋಡೋಣ' ಎಂದರೆ 'ಇಲ್ಲ' ಎಂದು ಅರ್ಥ, ಅದು ಹುಡುಗನಿಗೂ ಗೊತ್ತಿತ್ತು. ಅವನೂ ಒಂದು ವಿಷಯ ಬಚ್ಚಿಟ್ಟಿದ್ದ. ಮದುವೆಯ ಖರ್ಚಿಗೆಂದು ಭಾವನಿಂದ ಅರವತ್ತು ಸಾವಿರ ಕೈಸಾಲ ಮಾಡಿದ್ದ. ತಾಯಿಗೂ ಹೇಳಿರಲಿಲ್ಲ. ಸಾಲದಲ್ಲಿರುವವನು ಎಂದು ಹೆಂಡತಿ ತಿಳಿಯಬಾರದು ಎಂಬುದಕ್ಕಾಗಿಯೇ ಮಾಲ್ದೀವ್ಸ್‌ನ ಮಾತೆತ್ತಿದ್ದಂತೆ. ಗಂಡಸರ ಬುದ್ಧಿ! ಸಾಲ ಮುಚ್ಚಲು ಇನ್ನೊಂದು ಸಾಲ.

"ರಾತ್ರಿ ಹನ್ನೆರಡರ ತನಕ ಕೋಣೆಯ ಹೊರಗಿನ ಮೆಟ್ಟಿಲ ಮೇಲೆ ಕುಳಿತು ಲೆಕ್ಕ ಹಾಕಿದೆವು ಆಪಾ. ಅಲೆಯ ಸದ್ದು ಜೋರಾಗಿತ್ತು, ಹಾಗಾಗಿ ನಾನು ಜೋರಾಗಿ ಅತ್ತರೂ ಯಾರಿಗೂ ಕೇಳಿಸಲಿಲ್ಲ" ಎಂದಳು.

ಕೆಂಗೇರಿಯ ಆ ಎರಡು ಕೋಣೆಯ ಮನೆಯಲ್ಲಿ ಈ ಜಗಳ ಆಗಿದ್ದರೆ? ಅತ್ತೆ ಬರುತ್ತಿದ್ದರು, ನಾದಿನಿ ಬರುತ್ತಿದ್ದಳು, ಸಂಜೆಯೊಳಗೆ ತವರಿನಿಂದ ಇಬ್ಬರು ಅಣ್ಣಂದಿರು ಬರುತ್ತಿದ್ದರು. ಇಬ್ಬರ ಮಾತು ಇಪ್ಪತ್ತು ಮಂದಿಯ ಪಂಚಾಯಿತಿಯಾಗುತ್ತಿತ್ತು. ಅಂತಹ ಪಂಚಾಯಿತಿಗಳಲ್ಲಿ ನಾನೂ ಕುಳಿತವಳು. ಮೂಲ ಜಗಳ ಯಾವುದೆಂದು ಕೊನೆಗೆ ಯಾರಿಗೂ ನೆನಪಿರುವುದಿಲ್ಲ.

ಮಹ್ರ್‌ನ ಹಣ ಇನ್ನೂ ಪೂರ್ತಿ ಬಂದಿಲ್ಲ. ತಿಂಗಳಿಗೆ ಐದು ಸಾವಿರದಂತೆ ಅವಳ ಖಾತೆಗೆ ಹಾಕುತ್ತಿದ್ದಾನೆ, ಎರಡು ಕಂತು ಬಂದಿದೆ. ಭಾವನ ಸಾಲದ ವಿಷಯ ತಾಯಿಗೆ ತಿಳಿದು ಒಂದು ದಿನ ಮನೆಯಲ್ಲಿ ಒಲೆ ಹೊತ್ತಲಿಲ್ಲ ಎಂದೂ ಕೇಳಿದೆ. ಬಿ.ಎಡ್. ಅರ್ಜಿಯ ಮಾತು ಈಗಲೂ 'ನೋಡೋಣ'ದಲ್ಲೇ ಇದೆ, ಆದರೆ ಈಗ ಹಾಗೆನ್ನುವುದು ಹುಡುಗ, ಹಿರಿಯರಲ್ಲ.

ಮೊನ್ನೆ ಕೆಂಗೇರಿಗೆ ಹೋಗಿದ್ದೆ. ಅತ್ತೆಯವರು ಸೊಸೆ ತಂದ ಒಣಮೀನು ಹುರಿದು ಬಡಿಸಿದರು. ಕಪಾಟಿನ ಮೇಲೆ ಕುಡಿಯುವ ನೀರಿನ ಹಳೆಯ ಬಾಟಲಿಯೊಂದು ಇತ್ತು. ತಳದಲ್ಲಿ ಸ್ವಲ್ಪ ಮರಳು. ಹುಡುಗಿ ಅತ್ತೆಗೆಂದು ಕಾಸರಕೋಡಿನಿಂದ ತುಂಬಿಸಿ ತಂದಿದ್ದಳಂತೆ. "ರುಚಿ ನೋಡಿದೆ ಟೀಚರಮ್ಮಾ. ಉಪ್ಪೇ. ನಮ್ಮ ಗೂಡು ಬೇಯಿಸಿದ ನೀರಿಗಿಂತ ವಾಸಿ" ಎಂದರು. ಸೊಸೆಯೊಂದಿಗೆ ಮಾತು ಪೂರ್ತಿ ಸರಿಹೋಗಿದೆ ಎಂದು ಹೇಳಲಾರೆ. ಅಡುಗೆಮನೆಯಲ್ಲಿ ಈಗಲೂ ಪಾತ್ರೆಗಳ ಸದ್ದು ಸ್ವಲ್ಪ ಜೋರಾಗಿಯೇ ಇದೆ.

ಮಳೆಗಾಲ ಮುಗಿದ ಮೇಲೆ ಅವರನ್ನೂ ನನ್ನ ಅತ್ತೆಯವರನ್ನೂ ಕರೆದುಕೊಂಡು ಹೋಗುವುದೆಂದು ಮಾತಾಡಿಕೊಂಡಿದ್ದೇವೆ. ಮದುಮಕ್ಕಳನ್ನು ಮನೆ ನೋಡಿಕೊಳ್ಳಲು ಬಿಟ್ಟು ಹೋಗಬೇಕೆಂಬುದು ಅವರ ಷರತ್ತು. ಇನ್ನೊಂದು ಷರತ್ತೂ ಇದೆ. ಮಂಡಿನೋವು, ಮೇಲಿನ ಬರ್ತ್ ಹತ್ತಲಾಗದು. ನಲವತ್ತೈದು ದಾಟಿದ ಹೆಂಗಸರಿಗೆ ಕೆಳಗಿನ ಬರ್ತ್ ಕೊಡಲು ರೈಲ್ವೆಯವರು ಆದ್ಯತೆ ಕೊಡುತ್ತಾರೆ, ಚಿಂತೆ ಬೇಡ ಎಂದೆ.

"ಹಾಗಾದರೆ ನಿಮಗೂ ಕೆಳಗಿನದೇ ಸಿಗುತ್ತದೆ, ಒಳ್ಳೆಯದಾಯಿತು" ಎಂದರು.

ನನಗೆ ಇನ್ನೂ ಎರಡು ವರ್ಷ ಬಾಕಿ ಇದೆ ಎಂದರೆ ನಂಬಲಿಲ್ಲ.